ನಲವತ್ಮೂರು ಇಂಚಿನ ಅಜ್ಜಿ

ಎರಡು ನಿಮಿಷದ ಕೆಲಸ ಎಂದು ವೆಂಕಟಾಚಲ ಹೇಳಿದ್ದು ಬೆಳಿಗ್ಗೆ ಒಂಬತ್ತು ಗಂಟೆಗೆ. ಈಗ ಹನ್ನೊಂದೂವರೆ. ಗೋಡೆಗೆ ತೂಗುಹಾಕಿದ ನಲವತ್ಮೂರು ಇಂಚಿನ ಟಿವಿಯ ಪಕ್ಕದಲ್ಲಿ ಕುತ್ತಿಗೆ ಓರೆ ಮಾಡಿಕೊಂಡು ನಿಂತಿದ್ದ ಗಂಡನ ಬೆನ್ನನ್ನು ನೋಡಿ ನೋಡಿ ಸುಮಿತ್ರಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಪರದೆಯ ತುಂಬ ನೀಲಿ ಬಣ್ಣ, ಅದರ ನಡುವೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಯಾವ ಸಾಧನವೂ ಜೋಡಣೆಯಾಗಿಲ್ಲವಂತೆ. ಎರಡೂವರೆ ಗಂಟೆ ಹೊತ್ತಿನಿಂದ ಅದೇ ಸಾಲು. ಇಷ್ಟು ಹೊತ್ತು ಒಂದೇ ಮಾತನ್ನು ಹೇಳುವ ಮನುಷ್ಯನಿದ್ದಿದ್ದರೆ ಅವನನ್ನು ಯಾರಾದರೂ ಎದ್ದು ಆಚೆಗೆ ಕಳಿಸಿರುತ್ತಿದ್ದರು.

"ಆಯ್ತೇನ್ರೀ?"

"ಆಗ್ತಾ ಇದೆ, ಇರೇ."

"ಒಂಬತ್ತು ಗಂಟೆಯಿಂದ ಆಗ್ತಾನೇ ಇದೆ."

"ನೀನು ಹಿಂದೆ ನಿಂತ್ಕೊಂಡು ಗೊಣಗ್ತಾ ಇದ್ರೆ ಆಗೋದೂ ಆಗಲ್ಲ."

ಸೋಫಾದ ತುದಿಯಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಪದ್ಮಾವತಿ ಅತ್ತೆ ಕೂತಿದ್ದರು. ಸುಮಿತ್ರಾಳ ತಂದೆಯ ತಂಗಿ, ಎಪ್ಪತ್ತನಾಲ್ಕು ವರ್ಷದವರು. ಮಗಳು ಸಂಧ್ಯಾ ಸೂರತ್ತಿನ ಉಧ್ನಾದಲ್ಲಿ ಬ್ಯಾಂಕ್ ಆಫೀಸರು, ಆರು ವರ್ಷದಿಂದ ಅತ್ತೆ ಅವಳ ಜೊತೆಯೇ ಇದ್ದರು. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ವಡೋದರಾಕ್ಕೆ ರೈಲು ಹತ್ತಿ ಬಂದು, ಗೋರ್ವಾದ ಈ ಮನೆಯಲ್ಲಿ ನಾಲ್ಕು ದಿನ ಇದ್ದು, ಸುಮಿತ್ರಾಳ ಕೈಯ ಹುಳಿ ಉಂಡು ಹೋಗುವುದು ರೂಢಿಯಾಗಿತ್ತು. ಆ ರೂಢಿ ಇವತ್ತಿಗೆ ಮುಗಿಯುತ್ತಿತ್ತು. ಸಂಧ್ಯಾಳಿಗೆ ಗುವಾಹಟಿಗೆ ವರ್ಗವಾಗಿತ್ತು. ಬುಧವಾರ ಲಾರಿ ಬಂದು ಸಾಮಾನು ಹೇರಿಕೊಂಡು ಹೋಗುತ್ತದೆ. ಅಲ್ಲಿಯ ಟಿವಿಯನ್ನಂತೂ ಹೋದ ವಾರವೇ ಪೆಟ್ಟಿಗೆಗೆ ಹಾಕಿ ಟೇಪು ಸುತ್ತಿಯಾಗಿದೆ. ಅತ್ತೆ ಹೇಳಿ ಹೋಗಲೆಂದು ಎರಡು ದಿನದ ಮಟ್ಟಿಗೆ ಬಂದವರು, ಇವತ್ತು ನಾಲ್ಕು ಹತ್ತರ ಗಾಡಿಗೆ ಹೊರಡಬೇಕು.

ಅತ್ತೆಯ ಕಣ್ಣುಗಳ ನಡುಭಾಗ ಸವೆದುಹೋಗಿತ್ತು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು. ಅತ್ತೆ ಮಾತ್ರ ಅದನ್ನು ಬೊಟ್ಟು ಎನ್ನುತ್ತಿದ್ದರು.

"ಯಾರನ್ನ ನೋಡಿದ್ರೂ ಮುಖದ ಮೇಲೆ ಒಂದು ದೊಡ್ಡ ಕರಿ ಬೊಟ್ಟು ಇಟ್ಟ ಹಾಗೆ ಕಣೇ. ಸೆರಗು ಕಾಣತ್ತೆ, ಕೈ ಬಳೆ ಕಾಣತ್ತೆ. ಮುಖ ಮಾತ್ರ ಇಲ್ಲ."

ಮುಖ ಕಾಣಬೇಕಾದರೆ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಕದ್ದು ನೋಡುವವರ ಹಾಗೆ ನೋಡಬೇಕು. ಅದೂ ಮುಖ ದೊಡ್ಡದಾಗಿರಬೇಕು. ಫೋನು, ಕಾಗದ, ಆಲ್ಬಮ್ಮು ಯಾವುದೂ ಪ್ರಯೋಜನವಿಲ್ಲ. ಟಿವಿಯ ಹತ್ತಿರ ಒಂದಡಿ ದೂರದಲ್ಲಿ ನಿಂತರೆ ಇನ್ನೂ ಸ್ವಲ್ಪ ಕಾಣುತ್ತಿತ್ತು. ಆದರೆ ಬೊಟ್ಟು ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿತ್ತು. ಮುಂದಿನ ಸಲ ಭೇಟಿಯಾಗುವ ಹೊತ್ತಿಗೆ ಟಿವಿಯೂ ಕಾಣದು ಎಂದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅತ್ತೆ ನೋಡಬೇಕಾಗಿದ್ದದ್ದು ಒಂದೇ ಒಂದು ಚಿತ್ರ. ತಮ್ಮ ತಾಯಿಯದು.

ಅತ್ತೆಗೆ ನಾಲ್ಕು ವರ್ಷವಿದ್ದಾಗ ಆಕೆ ತೀರಿಕೊಂಡಿದ್ದರು. ಇದ್ದದ್ದು ಒಂದೇ ಫೋಟೋ, ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂತು, ಮಡಿಲಲ್ಲಿ ಎರಡು ವರ್ಷದ ಪದ್ಮಾವತಿಯನ್ನು ಇಟ್ಟುಕೊಂಡು ತೆಗೆಸಿದ್ದು. ಅದು ಸುಮಿತ್ರಾಳ ದೊಡ್ಡಪ್ಪನ ಮಗ ಗೋಪಾಲಕೃಷ್ಣನ ತುಮಕೂರಿನ ಮನೆಯ ಗೋಡೆಯ ಮೇಲಿತ್ತು. ಆಸ್ತಿ ಪಾಲಾದಾಗ ಆಡಿದ ಮಾತುಗಳಿಂದಾಗಿ ಅತ್ತೆ ಆ ಮನೆಯ ಹೊಸ್ತಿಲು ತುಳಿದು ಮೂವತ್ತು ವರ್ಷವಾಗಿತ್ತು. ಒಂದು ಪ್ರತಿ ಮಾಡಿಸಿ ಕೊಡು ಎಂದರೆ ಗೋಪಾಲಕೃಷ್ಣ, "ಅದು ಪಾಲಲ್ಲಿ ನಮಗೆ ಬಂದಿದ್ದು, ಗೋಡೆಯಿಂದ ಇಳಿಸೋ ಹಾಗಿಲ್ಲ" ಎನ್ನುತ್ತಿದ್ದ. ಫೋಟೋದಲ್ಲಿರುವ ಹೆಂಗಸನ್ನೂ ಹೊಲದ ಹಾಗೆ ಅಳೆದು ಬರೆಸಿಕೊಂಡಿದ್ದಾನೆ ಎಂದು ಸುಮಿತ್ರಾ ಎಷ್ಟೋ ಸಲ ಹಲ್ಲು ಕಡಿದಿದ್ದಳು.

ಹೋದ ಮೇ ತಿಂಗಳಲ್ಲಿ ತುಮಕೂರಿನಲ್ಲಿ ಒಂದು ಮದುವೆಯಿತ್ತು. ಮನೆಯ ಡಿಜಿಟಲ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗಿದ್ದ ಸುಮಿತ್ರಾ ಮದುವೆಯ ಮರುದಿನ ಬೆಳಿಗ್ಗೆ ಗೋಪಾಲಕೃಷ್ಣನ ಮನೆಗೆ ಕಾಫಿಗೆ ಹೋದಳು. ಅವನು ಸಂಧ್ಯಾವಂದನೆಗೆ ಕೂತಿದ್ದ. ಅವನ ಹೆಂಡತಿ ಒಳಗೆ ಡಿಕಾಕ್ಷನ್ ಇಳಿಸುತ್ತಿದ್ದಳು. ನಡುಮನೆ ಕತ್ತಲೆಯಾಗಿತ್ತು. ಸುಮಿತ್ರಾ ಗೋಡೆಯ ಮುಂದೆ ನಿಂತು ಅಜ್ಜಿಯನ್ನು ಕಣ್ತುಂಬ ನೋಡಿದಳು. ಆಮೇಲೆ ಕ್ಯಾಮೆರಾ ಎತ್ತಿ ಒಂದೇ ಒಂದು ಸಲ ಒತ್ತಿದಳು. ಫಳ್ ಎಂದು ಬೆಳಕಾಯಿತು. "ಏನದು?" ಎಂದು ದೇವರಮನೆಯಿಂದ ದನಿ ಬಂತು. "ಮಿಂಚು ಅನ್ಸತ್ತೆ" ಎಂದು ಕ್ಯಾಮೆರಾ ಚೀಲದೊಳಗೆ ಹಾಕಿ, ಏನೂ ಆಗದವಳ ಹಾಗೆ ಕಾಫಿ ಕುಡಿದು ಬಂದಿದ್ದಳು. ಫೋನಿನಲ್ಲಿ ತೆಗೆದದ್ದು ದೊಡ್ಡದು ಮಾಡಿದರೆ ಕಲಸಿಹೋಗುತ್ತದೆ, ಕ್ಯಾಮೆರಾದ್ದು ಹಾಗಲ್ಲ ಎಂದು ಮಗ ಪ್ರಜ್ವಲ್ ಯಾವಾಗಲೋ ಹೇಳಿದ್ದ. ಅದನ್ನು ನೆನಪಿಟ್ಟುಕೊಂಡು ಮಾಡಿದ ಕಳ್ಳತನ ಅದು.

ಅಲ್ಲಿಂದ ಇಲ್ಲಿಯವರೆಗೆ ಐದು ತಿಂಗಳು. ಟಿವಿಗೆ ಹಾಕೋಣ ಎಂದರೆ ವೆಂಕಟಾಚಲ, "ಅತ್ತೆ ಬಂದಾಗ ಹಾಕಿದ್ರಾಯ್ತು, ಎರಡು ನಿಮಿಷದ ಕೆಲಸ" ಎನ್ನುತ್ತಿದ್ದ. ಅವನು ವಿಮಾ ಕಂಪನಿಯಲ್ಲಿ ಬ್ರಾಂಚ್ ಮ್ಯಾನೇಜರು. ಆಗಸ್ಟಿನಲ್ಲಿ ಅತ್ತೆ ಬಂದಾಗ ಆಫೀಸಿನಲ್ಲಿ ಆಡಿಟ್ ಇತ್ತು. ಹಾಗೆ ದಿನ ಮುಂದಕ್ಕೆ ಹೋಗಿ ಹೋಗಿ, ಉಳಿದದ್ದು ಈ ಒಂದು ಭಾನುವಾರ.

ಮೊದಲು ಕ್ಯಾಮೆರಾದ ಜೊತೆ ಬಂದಿದ್ದ ವೈರು ಹುಡುಕಿದ್ದಾಯಿತು. ಅದು ಅಟ್ಟದ ಮೇಲೆ, ಹಳೆಯ ಮಿಕ್ಸಿಯ ಡಬ್ಬದಲ್ಲಿ ಸಿಕ್ಕಿತು. ಅದರ ತುದಿಗೆ ಒಂದು ಹಳದಿ, ಒಂದು ಬಿಳಿ ಪಿನ್ನು. ಟಿವಿಯ ಹಿಂದೆ ಅಂಥ ತೂತುಗಳೇ ಇರಲಿಲ್ಲ. ಆಮೇಲೆ ನಿನ್ನೆ ಸಂಜೆ ಅಂಗಡಿಯಿಂದ ತಂದಿಟ್ಟಿದ್ದ ಕಾರ್ಡ್ ರೀಡರು. ಕ್ಯಾಮೆರಾದ ಹೊಟ್ಟೆಯಿಂದ ಉಗುರಿನಷ್ಟು ಅಗಲದ ಕಾರ್ಡು ತೆಗೆದು ಅದಕ್ಕೆ ಸಿಕ್ಕಿಸಿ, ಅದನ್ನು ಟಿವಿಯ ಎಡಬದಿಯ ಯುಎಸ್‌ಬಿ ಕಿಂಡಿಗೆ ಚುಚ್ಚಬೇಕು, ಅಷ್ಟೇ. ಟಿವಿಗೆ ಇದ್ದದ್ದು ಅದೊಂದೇ ಕಿಂಡಿ. ಎಂಟು ವರ್ಷದ ಹಿಂದಿನ ಟಿವಿ, ವೈಫೈ ಗಿಫೈ ಏನೂ ಇಲ್ಲ. ವೆಂಕಟಾಚಲ ಚುಚ್ಚಿದ. ತೆಗೆದು ಉಲ್ಟಾ ಚುಚ್ಚಿದ. ಬಾಯಿಂದ ಊದಿ ಚುಚ್ಚಿದ. ಟಿವಿ ಆರಿಸಿ ಹಚ್ಚಿ ಚುಚ್ಚಿದ. ನೀಲಿ ಪರದೆ ತನ್ನ ಒಂದೇ ಸಾಲನ್ನು ಬಿಟ್ಟುಕೊಡಲಿಲ್ಲ.

"ಅದು ಪೂರ್ತಿ ಒಳಗೆ ಹೋಗ್ತಿಲ್ಲ ಅನ್ಸತ್ತೆ" ಎಂದಳು ಸುಮಿತ್ರಾ.

"ಹೋಗಿದೆ. ಹೊಸದು ಸ್ವಲ್ಪ ಬಿಗಿ ಇರತ್ತೆ."

"ಮತ್ತೆ ಅದರ ದೀಪ ಯಾಕೆ ಹತ್ತಲಿಲ್ಲ? ಡಬ್ಬದ ಮೇಲಿನ ಚಿತ್ರದಲ್ಲಿ ಕೆಂಪು ದೀಪ ಇದೆ."

"ಡಬ್ಬದ ಮೇಲೆ ಚಿತ್ರಕ್ಕೆ ಏನು ಬೇಕಾದ್ರೂ ಹಾಕ್ತಾರೆ. ನಿಂಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮಾತಿಗೆ ಸುಮ್ಮನಿರುವುದು ಸುಮಿತ್ರಾಳಿಗೆ ಅಭ್ಯಾಸವಾಗಿತ್ತು.

ಹನ್ನೆರಡಕ್ಕೆ ವೆಂಕಟಾಚಲ ಅಹಮದಾಬಾದಿನಲ್ಲಿ ಕೆಲಸಕ್ಕಿರುವ ಪ್ರಜ್ವಲ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಹುಟ್ಟಿದಾಗಿನಿಂದ ಗುಜರಾತಿನಲ್ಲೇ ಬೆಳೆದ ಹುಡುಗ, ಅವನ ಕನ್ನಡದಲ್ಲಿ ಕನ್ನಡ ಹುಡುಕಬೇಕು.

"ಪಪ್ಪಾ, ಟಿವಿ ಓಲ್ಡ್ ಹೈ ನಾ, ಕಾರ್ಡ್‌ದು ಫಾರ್ಮ್ಯಾಟ್ ಪ್ರಾಬ್ಲಮ್ ಇರ್ಬೇಕು. ಫಾರ್ಮ್ಯಾಟ್ ಚೇಂಜ್ ಮಾಡ್ಬೇಕು. ಲ್ಯಾಪ್‌ಟಾಪ್ ಮೇ ಹಾಕಿ ನೋಡಿ."

"ಆಫೀಸಿನ ಲ್ಯಾಪ್‌ಟಾಪಲ್ಲಿ ಇಂಥದ್ದೇನೂ ಹಾಕೋ ಹಾಗಿಲ್ವೋ. ಎಲ್ಲ ಬ್ಲಾಕ್ ಮಾಡಿದಾರೆ."

"ಅರೇ ಯಾರ್... ಪಪ್ಪಾ, ಬಸ್ ಬಂತು. ಬಾದ್ ಮೇ ಕಾಲ್ ಮಾಡ್ತೀನಿ. ಅಜ್ಜಿಗೆ ಪ್ರಣಾಮ್ ಹೇಳಿ."

ಅತ್ತೆ ಪ್ರಣಾಮ ಸ್ವೀಕರಿಸಿ ತಲೆಯಾಡಿಸಿದರು. ಸುಮಿತ್ರಾ ಒಳಗೆ ಹೋಗಿ ಕುಕ್ಕರಿನ ಉರಿ ಇಳಿಸಿ ಬರುವಷ್ಟರಲ್ಲಿ ವೆಂಕಟಾಚಲ ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ, ಕನ್ನಡಕ ಹಣೆಗೇರಿಸಿ, ಪುಟ್ಟ ಪರದೆಯ ಮೇಲೆ ಏನನ್ನೋ ಒತ್ತುತ್ತಿದ್ದ. ಮುಖದಲ್ಲಿ ಗೆದ್ದ ಕಳೆ ಇತ್ತು.

"ಸಿಕ್ತು ನೋಡು. ಫಾರ್ಮ್ಯಾಟ್ ಅಂತ ಇಲ್ಲೇ ಇದೆ. ಓಕೆ ಒತ್ತಿದ್ರೆ ಆಯ್ತು."

ಎರಡು ವರ್ಷದ ಹಿಂದೆ ಇದೇ ಪದವನ್ನು ಒಪ್ಪಿಕೊಂಡು ಸುಮಿತ್ರಾಳ ಹಳೆಯ ಫೋನು ಅಮ್ಮನ ಕೊನೆಯ ದಿನಗಳ ಚಿತ್ರಗಳನ್ನೆಲ್ಲ ನುಂಗಿಹಾಕಿತ್ತು. ಅವಳು ಓಡಿಬಂದು ಕ್ಯಾಮೆರಾ ಕಿತ್ತುಕೊಂಡಳು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಒತ್ತಿದ್ರಾ?"

"ಒತ್ತಬೇಕು ಅನ್ನೋಷ್ಟರಲ್ಲಿ ನೀನು..."

"ಒತ್ತಿದ್ರೆ ಎಲ್ಲ ಅಳಿಸಿ ಹೋಗತ್ತೆ! ಓದೋಕೆ ಬರಲ್ವಾ? ಕೆಳಗೆ ಬರ್ದಿದೆ!"

ವೆಂಕಟಾಚಲ ಕನ್ನಡಕ ಕೆಳಗಿಳಿಸಿ ಓದಿದ. ಕೆಳಗೆ ನಿಜವಾಗಿಯೂ ಬರೆದಿತ್ತು. ಅವನು ಬಿದ್ದ ಸೌಟನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಜಗಳ ಆಡ್ಬೇಡಿ" ಎಂದರು ಸೋಫಾದಿಂದ ಅತ್ತೆ. "ಇಷ್ಟು ವರ್ಷ ನೋಡದೆ ಇದ್ದೆ. ಆಗದೆ ಇದ್ರೆ ಬಿಡಿ."

ಬಿಡಿ ಎಂದ ಆ ದನಿಯನ್ನು ಸುಮಿತ್ರಾ ಕೇಳಲಾರದೆ ಹೋದಳು. ಬೆಳಿಗ್ಗೆ ಅತ್ತೆ ಪೆಟ್ಟಿಗೆಯ ಅಡಿಯಿಂದ ರೇಷ್ಮೆ ಸೀರೆ ತೆಗೆದು ಉಟ್ಟಿದ್ದರು. ರೈಲಿಗೆ ಯಾಕೆ ರೇಷ್ಮೆ ಎಂದು ಕೇಳಿದ್ದಕ್ಕೆ, "ಅಮ್ಮನ ಎದುರಿಗೆ ಹೋಗಿ ನಿಲ್ಲಬೇಕಲ್ವೇನೇ" ಎಂದು ನಾಚಿಕೊಂಡಿದ್ದರು.

ಊಟಕ್ಕೆ ಬಡಿಸಿ, ಸುಮಿತ್ರಾ ತಾನು ಉಣ್ಣದೆ ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದಳು. ಮೇಲಿನ ಮನೆಯವರ ಟಿವಿಯನ್ನಾದರೂ ಕೇಳೋಣವೆಂದರೆ ಅವರು ಬೀಗ ಹಾಕಿಕೊಂಡು ಪಾವಾಗಢ ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದರು. ಬಿಸಿಲು ತಲೆ ಸುಡುತ್ತಿತ್ತು. ಕಾರ್ಖಾನೆಯ ಕಾಂಪೌಂಡಿನ ಉದ್ದಕ್ಕೂ ನಡೆದು ಮೂಲೆಯ ಮೊಬೈಲ್ ಅಂಗಡಿ ತಲುಪುವಷ್ಟರಲ್ಲಿ ಅಂಗಡಿಯವನು ಶಟರು ಅರ್ಧ ಇಳಿಸಿ ಊಟಕ್ಕೆ ಹೊರಟಿದ್ದ. ಕ್ಯಾಮೆರಾದಿಂದ ನೇರವಾಗಿ ಟಿವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ಲು ಇದೆಯೇ ಎಂದು ಕ್ಯಾಮೆರಾದ ತೂತು ತೋರಿಸಿದಳು.

"ಆ ಹವೇ ನಥೀ ಮಳ್ತು, ಬೆನ್" ಎಂದ ಅವನು. ಅಂಥದ್ದು ಈಗ ಸಿಗುವುದಿಲ್ಲವಂತೆ. "ಕಾಲೇ ಆವ್ಜೋ, ಮಂಗಾವೀ ಆಪೀಶ್."

ನಾಳೆ ಬಾ, ತರಿಸಿಕೊಡ್ತೀನಿ ಅಂದ್ರೆ ಏನು ಮಾಡಲಿ, ನಿನ್ನ ತಲೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ನಿನ್ನೆ ಕೊಟ್ಟ ರೀಡರು ಕೆಟ್ಟಿದೆ ಎಂದು ಕೌಂಟರಿನ ಮೇಲಿಟ್ಟಳು. ಅವನು ಅದನ್ನು ತೆಗೆದು ಅಲ್ಲೇ ಇದ್ದ ಫೋನು ಚಾರ್ಜರಿನ ಕಿಂಡಿಗೆ ಚುಚ್ಚಿದ. ರೀಡರಿನ ಮೂಗಿನ ಮೇಲೆ ಕೆಂಪು ದೀಪ ಪಕ್ಕನೆ ಹತ್ತಿತು. ಇದರಲ್ಲಿ ದೋಷವಿಲ್ಲ ಬೆನ್, ಟಿವಿ ನೋಡಿಸಿ ಎಂದು ಶಟರು ಎಳೆದ.

ಮನೆಗೆ ಬಂದಾಗ ಎರಡೂಮುಕ್ಕಾಲು. ವೆಂಕಟಾಚಲ ಊಟ ಮುಗಿಸಿ ಟಿವಿಯಲ್ಲಿ ಕ್ರಿಕೆಟ್ ಹಾಕಿಕೊಂಡಿದ್ದ. ಅದನ್ನು ನೋಡಿದ್ದೇ ಸುಮಿತ್ರಾಳಿಗೆ ಪಿತ್ತ ನೆತ್ತಿಗೇರಿತು.

"ರೀಡರು ಸರಿ ಇದೆ. ಅಂಗಡೀಲಿ ದೀಪ ಹತ್ತಿತು. ಟಿವಿಯದ್ದೇ ಏನೋ ಆಗಿದೆ."

"ಟಿವಿಗೇನಾಗಿದೆ? ಮ್ಯಾಚು ಎಷ್ಟು ಚೆನ್ನಾಗಿ ಬರ್ತಿದೆ ನೋಡು. ಆಯುಧಪೂಜೆ ಮಾಡಿ ಇನ್ನೂ ಹದಿನೈದು ದಿನ ಆಗಿಲ್ಲ, ಆಗಲೇ ಕೆಡತ್ತಾ?"

"ಮೂರೂಕಾಲಿಗೆ ಹೊರಡ್ಬೇಕು. ಹೋಗಿ ಆಟೋ ಕರ್ಕೊಂಡು ಬನ್ನಿ. ಮ್ಯಾಚು ನಿಲ್ಲಿಸಿ."

ದನಿ ಕೇಳಿ ಅವನು ಎದ್ದು ಹೋದ. ಸುಮಿತ್ರಾ ಟಿವಿಯ ಸ್ವಿಚ್ಚು ಆರಿಸಿ, ಸ್ಟೂಲು ಎಳೆದು ಹತ್ತಿ, ಫೋನಿನ ಟಾರ್ಚು ಹಚ್ಚಿ ಎಡಬದಿಗೆ ಹಿಡಿದಳು. ಆಯುಧಪೂಜೆಯ ಗಂಧದ ಬೊಟ್ಟು ಅಲ್ಲೇ ಒಣಗಿ ಬಿರುಕು ಬಿಟ್ಟಿತ್ತು, ಅದರ ಮೇಲೆ ಕುಂಕುಮ. ದೇವರ ಗುರುತು ಎಂದು ಯಾರೂ ಅದನ್ನು ಒರೆಸಿರಲಿಲ್ಲ. ತಾನಾಗೇ ಉದುರಿ ಹೋಗುವವರೆಗೆ ಬಿಡುವುದು ಮನೆಯ ಪದ್ಧತಿ. ಬೊಟ್ಟಿನ ಅರ್ಧ ಕಿಂಡಿಯ ತುಟಿಯ ಮೇಲೇ ಕೂತಿತ್ತು.

ಸುಮಿತ್ರಾಳಿಗೆ ಆ ದಿನ ಕಣ್ಣಿಗೆ ಕಟ್ಟಿತು. ಹೊರಗೆ ಸೊಸೈಟಿಯವರು ಗರ್ಬಾಕ್ಕೆ ಸ್ಪೀಕರು ಕಟ್ಟುತ್ತಿದ್ದರು, ಒಳಗೆ ವೆಂಕಟಾಚಲ ಮಡಿಪಂಚೆ ಉಟ್ಟು, ಕೈಯಲ್ಲಿ ಗಂಧದ ಬಟ್ಟಲು ಹಿಡಿದು ಮನೆಯಲ್ಲಿ ಪ್ಲಗ್ಗು ಇರುವ ಒಂದೊಂದೂ ವಸ್ತುವನ್ನು ಹುಡುಕಿ ಹಚ್ಚುತ್ತಿದ್ದ. ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರು. ಟಿವಿಯ ಪರದೆಗೆ ಬೆರಳು ಹತ್ತಿರ ತಂದಾಗ ಅಡುಗೆಮನೆಯಿಂದ ಕೂಗಿದವಳು ಅವಳೇ. "ಪರದೆಗೆ ಬೇಡ ರೀ, ಕಲೆ ಆಗತ್ತೆ. ಬದಿಗೆ ಹಚ್ಚಿ." ಅವನು ಬದಿಗೆ ಹಚ್ಚಿದ್ದ. ಹಸಿ ಗಂಧದ ಮೇಲೆ ನಾಲ್ಕು ಅಕ್ಷತೆ ಇಟ್ಟು, ಬೀಳದಿರಲಿ ಎಂದು ಹೆಬ್ಬೆರಳಿನಿಂದ ಒತ್ತಿದ್ದ.

ತಲೆಯಿಂದ ಹೇರ್‌ಪಿನ್ನು ತೆಗೆದು ಮೆಲ್ಲನೆ ಕೆದಕಿದಳು. ಮೊದಲು ಗಂಧದ ಪುಡಿ ಉದುರಿತು. ಆಮೇಲೆ ಒಳಗಿನಿಂದ, ಗಂಧದಲ್ಲಿ ಅಂಟಿ ಕಲ್ಲಾಗಿದ್ದ ಒಂದು ಅಕ್ಷತೆ ಕಾಳು ಹೊರಳಿ ಅವಳ ಅಂಗೈಗೆ ಬಿತ್ತು. ಹಳದಿಯದು, ತುದಿ ಮುರಿಯದ್ದು, ಪೂಜೆಗೆಂದು ಅವಳೇ ಮುರುಕು ಆರಿಸಿ ತೆಗೆದು ಕಲೆಸಿಟ್ಟದ್ದು.

ಅಷ್ಟರಲ್ಲಿ ವೆಂಕಟಾಚಲ ಬಾಗಿಲಲ್ಲಿ ನಿಂತಿದ್ದ. "ಆಟೋ ಬಂತು" ಎಂದವನು ಅವಳ ಅಂಗೈ ನೋಡಿದ. ಸುಮಿತ್ರಾಳ ನಾಲಿಗೆ ತುದಿಯಲ್ಲಿ ಇಡೀ ದಿನದ ಮಾತು ಇತ್ತು. ಬದಿಗೆ ಹಚ್ಚಿ ಎಂದದ್ದು ತಾನೇ ಎನ್ನುವುದು ನೆನಪಾಗಿ ಅದು ಅಲ್ಲೇ ಉಳಿಯಿತು. ಅವಳು ಕಾಳನ್ನು ಮೇಜಿನ ಮೇಲಿಟ್ಟು, ಕಾರ್ಡು ಹಾಕಿ ರೀಡರು ಚುಚ್ಚಿದಳು. ಈ ಸಲ ಅದು ಬುಡದವರೆಗೆ ಹೋಯಿತು. ಸ್ವಿಚ್ಚು ಹಾಕಿದಳು. ಕೆಂಪು ದೀಪ ಹತ್ತಿತು.

"ಬಂತಾ?" ಎಂದು ಅತ್ತೆ ಎದ್ದೇ ನಿಂತರು.

"ಬಂತು ಅತ್ತೆ, ಬಂತು!"

ಮೊದಲು ಬಂದದ್ದು ಮದುವೆಯ ಚಪ್ಪರ. ಇನ್ನೂರ ಹದಿನಾಲ್ಕು ಚಿತ್ರಗಳು. ಅಜ್ಜಿ ಯಾವ ನಂಬರಿನಲ್ಲಿದ್ದಾಳೋ ಯಾರಿಗೆ ಗೊತ್ತು. ರಿಮೋಟಿನ ಬಾಣದ ಗುರುತು ಒತ್ತಿದರೆ ಒಂದೊಂದು ಚಿತ್ರಕ್ಕೂ ಟಿವಿ ಮೂರು ಸೆಕೆಂಡು ಯೋಚನೆ ಮಾಡುತ್ತಿತ್ತು. ಧಾರೆ, ಮಾಂಗಲ್ಯ, ಬಫೆಯಲ್ಲಿ ಬಾಯಿ ತೆರೆದ ಯಾರೋ, ಬಾಯಿ ಮುಚ್ಚಿದ ಯಾರೋ, ಒಂದೇ ಭಾವಮೈದುನ ಹನ್ನೊಂದು ಸಲ. ಕೆಳಗಿನಿಂದ ಆಟೋದವನು ಹಾರ್ನು ಹೊಡೆದ. "ಪಾಂಚ್ ಮಿನಿಟ್, ಭಾಯಿ!" ಎಂದು ವೆಂಕಟಾಚಲ ಬಾಲ್ಕನಿಯಿಂದ ಕೂಗಿ, "ಬೇಗ ಒತ್ತೇ" ಎಂದ. "ಒತ್ತುತ್ತಾನೇ ಇದೀನಿ, ನಿಮ್ಮ ಟಿವಿಗೆ ಹೇಳಿ" ಎಂದು ಅವಳು ಹೆಬ್ಬೆರಳು ನೋಯುವ ಹಾಗೆ ಒತ್ತಿದಳು. ನೂರ ಎಂಬತ್ತು ದಾಟಿತು. ನೂರ ತೊಂಬತ್ತು. ನೂರ ತೊಂಬತ್ತೇಳು.

ಕುರ್ಚಿ ಬಂತು. ಕೆತ್ತನೆಯ ಕೈ ಇರುವ ಮರದ ಕುರ್ಚಿ. ಚೌಕಳಿ ಸೀರೆಯ ನೆರಿಗೆ, ನೆರಿಗೆಯ ಮೇಲೆ ಮಗುವಿನ ಪಾದ, ಕಾಲಲ್ಲಿ ಗೆಜ್ಜೆ. ಮಗುವಿನ ಹೊಟ್ಟೆಯ ಸುತ್ತ ಬಿಗಿಯಾಗಿ ಹಿಡಿದ ಒಂದು ಕೈ, ಕೈ ತುಂಬ ಗಾಜಿನ ಬಳೆ. ಹಿಂದೆ ಬಣ್ಣ ಬಳಿದ ಪರದೆಯ ಮೇಲೆ ಕಂಬ, ಹೂಬಳ್ಳಿ.

ಮುಖವಿರಲಿಲ್ಲ.

ಮುಖವಿರಬೇಕಾದ ಕಡೆ ಬಿಳಿಯ ಬೆಳಕಿನ ಉಂಡೆ. ಕತ್ತಲ ನಡುಮನೆಯಲ್ಲಿ ಕ್ಯಾಮೆರಾ ತಾನಾಗಿಯೇ ಹಚ್ಚಿಕೊಂಡ ಫ್ಲ್ಯಾಶು ಚೌಕಟ್ಟಿನ ಗಾಜಿಗೆ ಬಡಿದು, ಅಜ್ಜಿಯ ಹಣೆಯಿಂದ ಕತ್ತಿನವರೆಗೆ, ಮಗುವಿನ ತಲೆಯ ಅರ್ಧದವರೆಗೆ ಬೆಳ್ಳಗೆ ತೊಳೆದುಬಿಟ್ಟಿತ್ತು. ಕ್ಯಾಮೆರಾದ ಬೆರಳಗಲದ ಪರದೆಯ ಮೇಲೆ ಐದು ತಿಂಗಳಿಂದ ಎಷ್ಟು ಸಲ ನೋಡಿದ್ದಳೋ. ಆ ಬಿಳುಪು ಕ್ಯಾಮೆರಾ ಪರದೆಯ ಮೇಲೆ ಬಿದ್ದ ಟ್ಯೂಬ್‌ಲೈಟಿನದು ಎಂದುಕೊಂಡಿದ್ದಳು.

ಬೆಳಿಗ್ಗೆಯಿಂದ ಸುಮಿತ್ರಾ ಗಂಡನ ಮೇಲೆ, ಮಗನ ಮೇಲೆ, ಅಂಗಡಿಯವನ ಮೇಲೆ ಉರಿದದ್ದೆಲ್ಲ ತಿರುಗಿ ತನ್ನ ಮೇಲೇ ಬಂತು. ಇನ್ನೊಂದು ಸಲ ಒತ್ತಿದ್ದರೆ ಏನಾಗುತ್ತಿತ್ತು? ಅರ್ಧ ಹೆಜ್ಜೆ ಪಕ್ಕಕ್ಕೆ ನಿಂತು ಒತ್ತಿದ್ದರೆ? ಗೋಪಾಲಕೃಷ್ಣನಿಗೆ ಅಷ್ಟು ಹೆದರಬೇಕಿತ್ತೇ? ಅಳು ಬರುವುದನ್ನು ತಡೆಯಲು ಅವಳು ರಿಮೋಟನ್ನು ಎರಡೂ ಕೈಯಲ್ಲಿ ಹಿಸುಕಿ ಹಿಡಿದಳು.

ಅತ್ತೆ ಆಗಲೇ ಟಿವಿಯ ಮುಂದೆ ಹೋಗಿ ನಿಂತಿದ್ದರು. ರೇಷ್ಮೆಯ ಸೆರಗು ಸರಿ ಮಾಡಿಕೊಂಡು, ಕತ್ತು ಓರೆ ಮಾಡಿ, ಮೊದಲು ಎಡಗಣ್ಣಿನ ಅಂಚಿನಿಂದ, ಆಮೇಲೆ ಬಲಗಣ್ಣಿನ ಅಂಚಿನಿಂದ ನೋಡಿದರು. ಬೆರಳಿನಿಂದ ಪರದೆ ಮುಟ್ಟಿದರು.

"ಇದು ಕುರ್ಚಿ. ಇದು... ನಾನಾ? ಗೆಜ್ಜೆ ಹಾಕಿದಾರೆ ನಂಗೆ." ಬೆರಳು ಮೇಲೆ ಹೋಯಿತು. "ಇದು ಅಮ್ಮನ ಕೈ. ಎಷ್ಟು ಬಳೆ ನೋಡೇ. ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದಾಳೆ."

ಆ ಕೈಯ ಮೇಲೆ ಅವರು ತುಂಬ ಹೊತ್ತು ಬೆರಳಿಟ್ಟರು. ಆಮೇಲೆ ಬೆರಳು ಇನ್ನೂ ಮೇಲಕ್ಕೆ ಹೋಗಿ ಬಿಳುಪಿನ ನಡುವೆ ನಿಂತಿತು.

"ಮುಖ ಕಾಣ್ತಿಲ್ಲ ಕಣೇ ಸುಮಿ."

"ಅತ್ತೆ, ಅದು ಫ್ಲ್ಯಾ..." ಎಂದು ವೆಂಕಟಾಚಲ ಬಾಯಿ ತೆರೆದ. ಸುಮಿತ್ರಾ ತಿರುಗಿ ನೋಡಿದ ನೋಟಕ್ಕೆ ಉಳಿದ ಅಕ್ಷರ ಅವನ ಗಂಟಲಲ್ಲೇ ಉಳಿಯಿತು.

"ನೀನಾದ್ರೂ ಹೇಳು" ಎಂದರು ಅತ್ತೆ. "ಹೇಗಿದಾಳೆ?"

ಕೆಳಗೆ ಹಾರ್ನು ಮತ್ತೆ ಕೇಳಿಸಿತು. ಸುಮಿತ್ರಾ ಅವರ ಪಕ್ಕದಲ್ಲಿ ಹೋಗಿ ನಿಂತಳು. ಬಿಳಿಯ ಉಂಡೆಯನ್ನೇ ನೋಡುತ್ತ, ಆ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಕಂಡದ್ದನ್ನು ಹುಡುಕಿ ಹುಡುಕಿ ತೆಗೆದಳು.

"ಹಣೆ ಅಗಲ ಅತ್ತೆ, ನಿಮ್ಮ ಹಾಗೇ. ಕಾಸಿನಗಲ ಕುಂಕುಮ ಇದೆ. ಕೂಡುಹುಬ್ಬು. ಮೂಗು ಸ್ವಲ್ಪ ಮೊಂಡು, ಎಡಗಡೆ ಮೂಗುಬೊಟ್ಟು. ಕೆಳತುಟಿ ಮುಂದೆ ಬಂದಿದೆ, ನಮ್ಮಪ್ಪಂಗೂ ಹಾಗೇ ಇತ್ತಲ್ಲ. ಕ್ಯಾಮೆರಾ ನೋಡ್ತಿಲ್ಲ. ಕೆಳಗೆ ನಿಮ್ಮನ್ನ ನೋಡ್ತಿದಾರೆ. ನಗು ಬರ್ತಿದೆ, ಫೋಟೋದವನು ಬೈತಾನೆ ಅಂತ ತಡ್ಕೊಂಡಿದಾರೆ."

ಕೊನೆಕೊನೆಗೆ ಕಂಡದ್ದೆಷ್ಟು, ಕೂಡಿಸಿದ್ದೆಷ್ಟು ಎಂಬುದು ಗೊತ್ತಿದ್ದೂ ಅವಳು ನಿಲ್ಲಿಸಲಿಲ್ಲ. ಅತ್ತೆ ಪರದೆಗೆ ಕೈಮುಗಿದರು. ಆಮೇಲೆ ಕೈಚೀಲ ಎತ್ತಿಕೊಂಡು, "ನಡಿ, ಹೊತ್ತಾಯ್ತು" ಎಂದರು.

ಆಟೋ ಮೂವರನ್ನೂ ಸ್ಟೇಷನ್ನಿಗೆ ಮುಟ್ಟಿಸಿತು. ಗಾಡಿ ಐದು ನಿಮಿಷ ತಡವಾಗಿ ಬಂತು. ಸುಮಿತ್ರಾ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿ, ಎದುರಿಗಿದ್ದ ಹೆಂಗಸಿಗೆ ಸೂರತ್ತಿನಲ್ಲಿ ಇವರನ್ನು ಇಳಿಸಿಕೊಡಿ, ಮಗಳು ಬಂದಿರುತ್ತಾಳೆ ಎಂದು ಹೇಳಿ, ಸಂಧ್ಯಾಳಿಗೆ ಫೋನು ಮಾಡಿ, ಕೆಳಗಿಳಿದು ಕಿಟಕಿಯ ಹತ್ತಿರ ಬಂದು ನಿಂತಳು. ವೆಂಕಟಾಚಲ ನೀರಿನ ಬಾಟಲಿ ತರಲು ಹೋಗಿದ್ದ.

ಅತ್ತೆ ಸರಳಿನ ನಡುವಿನಿಂದ ಕೈ ಚಾಚಿ ಅವಳ ಕೈ ಹಿಡಿದರು.

"ನನ್ನ ಕಣ್ಣಲ್ಲಿರೋದು ಕರಿ ಬೊಟ್ಟು, ಸುಮಿ" ಎಂದರು ಮೆಲ್ಲಗೆ. "ಟಿವೀಲಿ ಇದ್ದದ್ದು ಬಿಳಿ."

"ಅತ್ತೆ... ನಂದೇ ತಪ್ಪು. ಫ್ಲ್ಯಾಶು ಬಿದ್ದುಬಿಡ್ತು. ನೋಡ್ಕೊಳ್ಳಲಿಲ್ಲ ನಾನು. ಐದು ತಿಂಗಳು..."

"ಕೂಡುಹುಬ್ಬು ಅಂದ್ಯಲ್ಲ, ಅದು ನಿಜಾನಾ?"

"ನಿಜ ಅತ್ತೆ. ದೇವರಾಣೆ."

"ಮೂಗು?"

"ಮೂಗೂ ನಿಜ."

"ನನ್ನ ನೋಡಿ ನಗು ತಡ್ಕೊಂಡಿದ್ದು?"

ಸುಮಿತ್ರಾ ತಲೆ ತಗ್ಗಿಸಿದಳು. "ಅದು ನಾನು ಸೇರಿಸಿದ್ದು."

ಗಾಡಿ ಒಮ್ಮೆ ಜಗ್ಗಿ ನಿಂತಿತು. ಅತ್ತೆ ಹಿಡಿದ ಕೈ ಬಿಡಲಿಲ್ಲ. ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಅವಳನ್ನೇ ನೋಡಿದರು.

"ಅದನ್ನೂ ಬಿಡ್ಬೇಡ. ಹಣೆಯಿಂದ ಶುರು ಮಾಡಿ ಇನ್ನೊಂದ್ಸಲ ಹೇಳು, ಗಾಡಿ ಹೊರಡೋದರೊಳಗೆ."